ಮಲಗಿದ ಬಾಟಲಿಗಳ ಕಾವಲು

ಬೆಳಗಿನ ಐದೂವರೆ. ದಿಲ್ಲಿಯ ಓಖ್ಲಾದ ಗಾರ್ಮೆಂಟ್ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ಆಗಲೇ ಸೆಕೆ. ಮೇ ತಿಂಗಳು. ಮೂರು ಗಂಟೆಗೇ ಕರೆಂಟು ಹೋಗಿದೆ, ಗೋದಾಮಿನ ಜನರೇಟರು ಕೆಮ್ಮಿ ಕೆಮ್ಮಿ ಸುಮ್ಮನಾಗಿದೆ. ದೇವೇಂದ್ರಪ್ಪ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, "ಏಳಪ್ಪಾ, ಇವತ್ತೊಂದು ದಿನ ಮರ್ಯಾದೆ ಉಳಿಸು" ಎನ್ನುತ್ತಾರೆ. ನಾಲ್ಕನೆಯ ಸಲಕ್ಕೆ ಅದು ಗುಡುಗುಡು ಅನ್ನುತ್ತದೆ. ಮೊಣಕಾಲು ಹಿಡಿದುಕೊಂಡು ಎದ್ದು, ಒಳಗೆ ಹೋಗಿ, ಟಾರ್ಚಿನ ಬೆಳಕಲ್ಲಿ ಥರ್ಮಾಮೀಟರ್ ನೋಡುತ್ತಾರೆ. ಹದಿನಾರು ಡಿಗ್ರಿ. ಹದಿನಾಲ್ಕಿರಬೇಕಿತ್ತು.

ಹಾವೇರಿ ಕಡೆಯ ದೇವೇಂದ್ರಪ್ಪನವರಿಗೆ ಈಗ ಐವತ್ತೆಂಟು. ಕೃಷಿ ಭವನದಲ್ಲಿ ಗುಮಾಸ್ತರಾಗಿದ್ದ ಸೋದರಮಾವನ ಬೆನ್ನು ಹತ್ತಿ ದಿಲ್ಲಿಗೆ ಬಂದವರು. ವಿದೇಶಿ ವೈನ್ ತರಿಸುವ ಸಣ್ಣ ಕಂಪನಿಯೊಂದರ ಈ ತಂಪು ಕೋಣೆಗೆ ಏಳು ವರ್ಷದಿಂದ ಅವರೇ ಕಾವಲು. ಇರುವುದು ಎರಡು ಸಾವಿರದ ನೂರು ಬಾಟಲಿ, ಎಲ್ಲ ಉತ್ತರ ಇಟಲಿಯ ಬೆನೆದೆತ್ತಿ ಮನೆತನದ ದ್ರಾಕ್ಷಿ ತೋಟದವು. ನಾಲ್ಕು ತಲೆಮಾರಿನಿಂದ ಅವರು ಮಾಡುವುದು ಒಂದೇ ಕೆಂಪು ವೈನ್. ಎಳೆಯದರಲ್ಲಿ ಕುಡಿದರೆ ಬರೀ ಒಗರಂತೆ. ಹತ್ತಿಪ್ಪತ್ತು ವರ್ಷ ಕತ್ತಲಲ್ಲಿ ಮಲಗಿದ ಮೇಲೇ ಅದಕ್ಕೆ ರುಚಿ. ದೇವೇಂದ್ರಪ್ಪ ಒಂದು ತೊಟ್ಟೂ ನಾಲಿಗೆಗೆ ಹಾಕಿದವರಲ್ಲ. ಕೊರಳಲ್ಲಿ ಲಿಂಗವಿದೆ.

"ಬಾಣಂತಿ ಕೋಣೆ ಅನ್ಕೊಳ್ಳಿ ಸಾರ್. ಬಾಣಂತಿಗೆ ಬಿಸಿ, ಇದಕ್ಕೆ ತಂಪು. ಮಿಕ್ಕಿದ್ದೆಲ್ಲ ಒಂದೇ. ಕತ್ತಲೆ ಇರಬೇಕು, ಗಾಳಿ ಬೀಸಬಾರದು, ಗದ್ದಲ ಆಗಬಾರದು," ಎಂದು ಕೋಣೆ ನೋಡಲು ಬಂದ ನನಗೆ ಹೇಳುತ್ತಾರೆ.

ಈ ಜ್ಞಾನ ಪುಕ್ಕಟೆ ಬಂದದ್ದಲ್ಲ. ಇದಕ್ಕೆ ಮುಂಚೆ ಅವರಿದ್ದದ್ದು ಫಿನಾಯಿಲ್ ಗೋದಾಮಿನಲ್ಲಿ. ಅಲ್ಲಿ ಬಾಟಲಿ ಮಲಗಿದರೆ ಸೋರುತ್ತದೆ, ಸೋರಿದರೆ ಬೈಗುಳ. ಹಾಗಾಗಿ ಇಲ್ಲಿಗೆ ಬಂದ ಹೊಸತರಲ್ಲಿ ಹನ್ನೆರಡು ಪೆಟ್ಟಿಗೆ ಒಡೆದು, ನೂರ ನಲವತ್ನಾಲ್ಕು ಬಾಟಲಿಗಳನ್ನು ಒರೆಸಿ, ಸ್ಕೂಲ್ ಮಕ್ಕಳ ಪ್ರಾರ್ಥನೆಯ ಸಾಲಿನಂತೆ ನೆಟ್ಟಗೆ ನಿಲ್ಲಿಸಿದರು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬಿರಡೆ ಒಣಗಿ, ಗಾಳಿ ನುಗ್ಗಿ, ಅಷ್ಟೂ ಹುಳಿಯಾಯಿತು. ವೈನ್ ಬಿರಡೆಯನ್ನು ನೆನೆಸುತ್ತಾ ಇರಬೇಕು, ಅದಕ್ಕೇ ಮಲಗಿಸುವುದು ಎಂದು ಗೊತ್ತಾದದ್ದು ಆಮೇಲೆ. ಪೆಟ್ಟಿಗೆಯಲ್ಲೇ ಮಲಗಿದ್ದವು ಮಾತ್ರ ಬದುಕಿಕೊಂಡವು.

"ಕೆಲಸದಿಂದ ತೆಗೀಲಿಲ್ಲ. ತೆಗೆದಿದ್ರೆ ಒಳ್ಳೇದಿತ್ತು, ಮರೆತುಬಿಡ್ತಿದ್ದೆ," ಎಂದು ನಗುತ್ತಾರೆ. ಅದು ನಗುವಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

ಅಂದಿನಿಂದ ಬೇಸಿಗೆಯಲ್ಲಿ ಅವರು ದಿಲ್ಲಿ ಬಿಟ್ಟಿಲ್ಲ. ಗೋವಿಂದಪುರಿಯ ಮನೆಯಿಂದ ದಿನಕ್ಕೆ ಮೂರು ಸಲ ಸೈಕಲ್ ತುಳಿಯುತ್ತಾರೆ. ನಮ್ಮಲ್ಲಿ ಮದುವೆಗಳೆಲ್ಲ ಬೀಳುವುದು ಮೇ ತಿಂಗಳಿಗೆ. ದಿಲ್ಲಿಯಲ್ಲಿ ಕರೆಂಟು ಕೈಕೊಡುವುದೂ ಆಗಲೇ. ತಮ್ಮನ ಮಗಳ ಮದುವೆಗೆ ಹೆಂಡತಿ ಮನೋರಮಾ ಒಬ್ಬರೇ ಹೋಗಿ ಬಂದರು. ಮಗಳು ಹರಿಣಿಯ ಲಗ್ನವನ್ನು ಫೆಬ್ರವರಿಗೆ ಎಳೆದದ್ದೂ ಇದೇ ಕಾರಣಕ್ಕೆ. "ಪಪ್ಪಾ ನನ್ನ ಮುಹೂರ್ತ ಜನರೇಟರ್ ಕೇಳ್ಕೊಂಡು ಇಟ್ರು, ಸಚ್ ಮೇ!" ಎಂದು ಫೋನಿನಲ್ಲಿ ಹರಿಣಿ ಈಗಲೂ ಮುನಿಯುತ್ತಾಳೆ.

ಇವತ್ತು ಆ ಏಳು ವರ್ಷದ ಪರೀಕ್ಷೆ. ಬೆನೆದೆತ್ತಿ ಮನೆಯ ಮಗಳು ಕ್ಲಾರಾ ಇಟಲಿಯಿಂದ ಬಂದಿದ್ದಾರೆ. ತೊಂಬತ್ತಾರನೆಯ ಇಸವಿಯ ವೈನ್ ದಿಲ್ಲಿಯ ಬಿಸಿಲಲ್ಲಿ ಕೆಟ್ಟಿದ್ದರೆ ಇನ್ನು ಮುಂದೆ ಕಳಿಸುವುದಿಲ್ಲ. ಕಂಪನಿ ಈ ಕೋಣೆಗೆ ಬೀಗ ಜಡಿಯುತ್ತದೆ. "ಏಳು ವರ್ಷದ ಚಾಕರಿ ಒಂದು ಗುಟುಕಿಗೆ ಗೊತ್ತಾಗಿಬಿಡ್ತದೆ," ಎನ್ನುತ್ತಾ ದೇವೇಂದ್ರಪ್ಪ ಅಂಗಿಯ ಗುಂಡಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಾರೆ.

ಹತ್ತು ಗಂಟೆಗೆ ಕ್ಲಾರಾ ಬರುತ್ತಾರೆ. ಐವತ್ತರ ಹೆಂಗಸು, ಉಗುರಲ್ಲಿ ಮಣ್ಣಿನ ಕಲೆ. ಜೊತೆಗೆ ದುಭಾಷಿಯಾಗಿ ಚಿನ್ಮಯಿ, ಇಲ್ಲಿ ಇಟಾಲಿಯನ್ ಓದುತ್ತಿರುವ ಮೈಸೂರಿನ ಹುಡುಗಿ. ಬಿರಡೆ ಬಿಚ್ಚಿ, ಮೂಸಿ, ಒಂದು ಗುಟುಕು ಬಾಯಲ್ಲಿ ಹಿಡಿದು ಕ್ಲಾರಾ ಕಣ್ಣು ಮುಚ್ಚುತ್ತಾರೆ. ದೇವೇಂದ್ರಪ್ಪ ಪಾದ ನೋಡಿಕೊಳ್ಳುತ್ತಾ ನಿಂತಿದ್ದಾರೆ.

"ಅವರ ಮನೆ ನೆಲಮಾಳಿಗೆಯಲ್ಲಿ ಇದ್ದಿದ್ರೂ ಹೀಗೇ ಇರ್ತಿತ್ತಂತೆ, ಅಂಕಲ್. ಮುಂದಿನ ವರ್ಷವೂ ಕಳಿಸ್ತಾರಂತೆ," ಎನ್ನುತ್ತಾಳೆ ಚಿನ್ಮಯಿ.

ದೇವೇಂದ್ರಪ್ಪ ತಲೆಯಾಡಿಸುತ್ತಾರೆ. ಅಲ್ಲೇ ಪೆಟ್ಟಿಗೆಯ ಮೇಲೆ ಕೂರುತ್ತಾರೆ. ಕ್ಲಾರಾ ಗೋಡೆಯತ್ತ ಬೆರಳು ತೋರಿಸಿ ಏನೋ ಕೇಳುತ್ತಾರೆ. ಅಲ್ಲಿ ಸುಣ್ಣದಲ್ಲಿ ಮೂರು ಸಾಲುಗಳಿವೆ. ಮೊದಲೆರಡು ಹಿಂದಿ, ಇಂಗ್ಲಿಷು: ಬಾಟಲಿ ನಿಲ್ಲಿಸಬಾರದು. ಮೂರನೆಯದನ್ನು ಚಿನ್ಮಯಿ ಗಟ್ಟಿಯಾಗಿ ಓದುತ್ತಾಳೆ: "ದೇವೇಂದ್ರಪ್ಪ, ನಿಲ್ಲಿಸಬೇಡ."

"ಇಲ್ಲಿ ಕನ್ನಡ ಯಾರು ಓದ್ತಾರೆ ಅಂಕಲ್?"

"ನಾನೊಬ್ಬನೇ ಕಣಮ್ಮ," ಎನ್ನುತ್ತಾರೆ ಅವರು. "ದಿನಾ ಬೆಳಿಗ್ಗೆ ಓದ್ತೀನಿ. ನಾಳೆಯೂ ಓದ್ಬೇಕು."