ಪಾಳಿಗೆ ಮುಂಚಿನ ಹತ್ತು ನಿಮಿಷ

ನಾರಿನ್ ಕಣಿವೆಯಲ್ಲಿ ಅಕ್-ಬುಲಾಕ್ ಎಂಬ ಹಳ್ಳಿಯಿದೆ, ಅಕ್-ಬುಲುಂಗ್ ಎಂಬ ಇನ್ನೊಂದೂ ಇದೆ. ಮೊದಲನೆಯದು ನಮ್ಮ ಊರಿನಿಂದ ಮೇಲಕ್ಕೆ, ಎರಡನೆಯದು ಕೆಳಕ್ಕೆ. ನಮ್ಮ ಆಂಬುಲೆನ್ಸ್ ಕೇಂದ್ರದಲ್ಲಿ ಫೋನ್ ಎತ್ತುವವಳು ಬುರುಲ್ಚಾ, ಗಾಡಿ ಓಡಿಸುವವನು ನಾನು. ಹದಿನಾಲ್ಕು ವರ್ಷದಲ್ಲಿ ಒಂದೇ ಒಂದು ಸಲ ಅವಳು ಈ ಎರಡು ಹೆಸರುಗಳನ್ನು ಅದಲುಬದಲು ಕೇಳಿಸಿಕೊಂಡಳು.

ಕರೆ ಮಾಡಿದವನು ಗಾಳಿಯಲ್ಲಿ ಓಡುತ್ತಾ ಮಾತಾಡಿದ್ದ. ನಾನು ಮೇಲಕ್ಕೆ ಹೋದೆ. ರೋಗಿ ಇದ್ದದ್ದು ಕೆಳಗೆ. ನಲವತ್ತು ನಿಮಿಷ ತಡವಾಗಿ ತಲುಪಿದಾಗ ಆ ಮುದುಕರ ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ವಿಚಾರಣೆ ನಡೆಯಿತು. ಧ್ವನಿಮುದ್ರಣ ಕೇಳಿದ ಮೂವರಲ್ಲಿ ಇಬ್ಬರಿಗೆ ಅದು 'ಬುಲಾಕ್' ಎಂದೇ ಕೇಳಿಸಿತು. ಅವಳ ತಪ್ಪಿಲ್ಲ ಎಂದು ಬರೆದು ಫೈಲು ಮುಚ್ಚಿದರು.

ಬುರುಲ್ಚಾಳ ಎದೆಯೊಳಗೆ ಮಾತ್ರ ಅದು ಮುಚ್ಚಲಿಲ್ಲ. ಮನೆಯಲ್ಲಿ ಚಹಾ ಬಗ್ಗಿಸುವಾಗ ಬಟ್ಟಲು ಬೀಳಿಸುತ್ತಿದ್ದಳು. ಫೋನ್ ಇಲ್ಲದ ಕೋಣೆಯಲ್ಲೂ ಅವಳಿಗೆ ಫೋನ್ ಬಡಿದಂತೆ ಕೇಳುತ್ತಿತ್ತು. ಕರೆ ಮಾಡಿದವರನ್ನು "ಸರಿಯಾಗಿ ಹೇಳ್ರೀ!" ಎಂದು ಗದರತೊಡಗಿದಳು. ಒಂದು ದಿನ, ಅಳುತ್ತಿದ್ದ ಗರ್ಭಿಣಿಯೊಬ್ಬಳ ಮೇಲೆ ಹೀಗೆ ಕಿರುಚಿ, ತಾನೇ ಹೆದರಿ, ನರರೋಗದ ವೈದ್ಯೆ ಶಾರ್ಶೆಕಾನ್ ಅವರ ಹತ್ತಿರ ಹೋದಳು. ರಕ್ತದೊತ್ತಡ ವಿಪರೀತ ಏರಿತ್ತು.

"ದಿನಾ ಬೆಳಿಗ್ಗೆ ಹತ್ತು ನಿಮಿಷ ಸುಮ್ಮನೆ ಕೂತ್ಕೋ. ಉಸಿರು ಎಣಿಸು, ಒಂದರಿಂದ ಹತ್ತು. ಮನಸ್ಸು ಓಡಿಹೋದ್ರೆ ಮತ್ತೆ ಒಂದರಿಂದ ಶುರು ಮಾಡು" ಎಂದರು ವೈದ್ಯೆ.

"ಅದೆಲ್ಲ ಪುರುಸೊತ್ತಿದ್ದವರಿಗೆ ಅಕ್ಕಾ. ನಂಗೆ ಮಾತ್ರೆ ಕೊಟ್ಬಿಡಿ."

"ಒತ್ತಡಕ್ಕೆ ಕೊಡ್ತೀನಿ. ನಿದ್ದೆ ಮಾತ್ರೆ ಕೇಳ್ಬೇಡ. ಅದನ್ನ ನುಂಗಿ ಫೋನ್ ಮುಂದೆ ಕೂತ್ರೆ ನಿಂಗೆ ಬುಲಾಕೂ ಇಲ್ಲ, ಬುಲುಂಗೂ ಇಲ್ಲ, ಬರೀ ಗೊರಕೆ."

ಎರಡು ಕೋಣೆಯ ಮನೆಯಲ್ಲಿ ಗಂಡ, ಮೂರು ಮಕ್ಕಳು, ಅತ್ತೆ ಸುರಾಕಾನ್. ಕೂರಲು ಜಾಗವೆಲ್ಲಿ? ಮರುದಿನ ಹಸುವಿನ ಹಾಲು ಕರೆಯುವ ಮುಂಚೆ ಎದ್ದು, ರಜಾಯಿಗಳನ್ನು ಒಟ್ಟಿದ್ದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಆರನೇ ಉಸಿರಿಗೆ ಹಿಂದಿನಿಂದ ಅತ್ತೆಯ ಕೂಗು ಬಂತು.

"ಯಾರು ಸತ್ರೇ? ಗಂಡ ಗುಂಡುಕಲ್ಲಿನ ಹಾಗೆ ಮಲಗಿದ್ದಾನೆ, ನೀನು ಗೋಡೆಗೆ ಮುಖ ಮಾಡ್ಕೊಂಡು ಕೂತಿದ್ದೀಯಾ?"

ನಮ್ಮಲ್ಲಿ ಹೆಂಗಸರು ಹಾಗೆ ಕೂರುವುದು ಸತ್ತವರಿಗಾಗಿ ಹಾಡಿ ಅಳುವಾಗ ಮಾತ್ರ. ಬುರುಲ್ಚಾ ಬಾಗಿಲ ಕಡೆ ತಿರುಗಿದಳು.

"ಡಾಕ್ಟ್ರು ಹೇಳಿದ್ದು ಅತ್ತೆ. ತಲೆ ತಣ್ಣಗಾಗ್ಲಿ ಅಂತ."

"ತಲೆ ತಣ್ಣಗಾಗ್ಬೇಕಾ? ಹೊರಗೆ ಹೋಗು. ಮೈನಸ್ ಎಂಟಿದೆ."

ಅತ್ತೆಯ ಬೈಗುಳವನ್ನು ಸಹಿಸಬಹುದಿತ್ತು. ಕಣ್ಣು ಮುಚ್ಚಿದೊಡನೆ ಬರುತ್ತಿದ್ದ, ಗಾಳಿಯಲ್ಲಿ ಓಡುತ್ತಾ ಮಾತಾಡಿದವನ ಆ ಧ್ವನಿಯನ್ನು ಸಹಿಸಲಾಗುತ್ತಿರಲಿಲ್ಲ. ದಿನವಿಡೀ ಕೆಲಸದ ಗದ್ದಲದಲ್ಲಿ ಅಡಗಿರುತ್ತಿದ್ದುದು ಆ ಹತ್ತು ನಿಮಿಷದಲ್ಲಿ ನೇರ ಕಿವಿಯೊಳಗೇ ನುಗ್ಗುತ್ತಿತ್ತು. ಐದನೇ ದಿನ ಬಿಟ್ಟುಬಿಟ್ಟಳು. ವಾರ ಕಳೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದಳು. ಮತ್ತೆ ವೈದ್ಯೆಯ ಹತ್ತಿರ ಹೋದಳು.

"ಧ್ವನಿ ಬಂದ್ರೆ ಬರ್ಲಿ. ಅದರ ಜೊತೆ ಜಗಳಕ್ಕೆ ನಿಲ್ಬೇಡ. ಒಂದರಿಂದ ಶುರು ಮಾಡು, ಅಷ್ಟೇ" ಎಂದರಂತೆ ವೈದ್ಯೆ.

ಮರುದಿನ ಪಾಳಿಗೆ ಅರ್ಧ ಗಂಟೆ ಮುಂಚೆಯೇ ಬಂದು ನನ್ನ ಮುಂದೆ ನಿಂತಳು. ನನ್ನನ್ನು ಅವಳು ಕರೆಯುವುದು ಬಾಯ್ಕೆ, ಅಂದರೆ ಅಣ್ಣ ಎಂದು.

"ಬಾಯ್ಕೆ, ನಿಮ್ಮ ಗಾಡಿ ಬಾಗಿಲು ತೆಗೀತೀರಾ? ಏನೂ ಕೇಳ್ಬೇಡಿ."

ನಾನು ಬಾಗಿಲು ತೆಗೆದುಕೊಟ್ಟೆ. ಹೊರಗೆ ಸಿಗರೇಟು ಸೇದುತ್ತಾ ನಿಂತೆ. ಗಾಜಿನ ಹಿಂದೆ ಅವಳ ಮುಖ ಒಮ್ಮೆ ಬಿಗಿಯುತ್ತಿತ್ತು, ಒಮ್ಮೆ ಸಡಿಲವಾಗುತ್ತಿತ್ತು. ನರ್ಸುಗಳು "ನಿನ್ನ ಗಾಡೀಲಿ ದರ್ವೇಶಿ ಇದ್ದಾಳಂತೆ, ನಮಗೂ ತಾಯಿತ ಕಟ್ಟಿಸಿಕೊಡು" ಎಂದು ಕಾಲೆಳೆಯುತ್ತಿದ್ದರು. ಆದರೂ ನವೆಂಬರ್ ಪೂರ್ತಿ ಬಂದಳು, ಡಿಸೆಂಬರಿನಲ್ಲೂ ಬಂದಳು. ಒತ್ತಡ ಸ್ವಲ್ಪ ಇಳಿಯಿತು. ಬಟ್ಟಲು ಬೀಳಿಸುವುದು ಮಾತ್ರ ಪೂರ್ತಿ ನಿಲ್ಲಲಿಲ್ಲ.

ಜನವರಿಯ ಒಂದು ಬೆಳಿಗ್ಗೆ, ಹಿಮ ಒಂದೇ ಸಮನೆ ಬೀಳುತ್ತಿತ್ತು. ನಾನೂ ನರ್ಸುಗಳೂ ಫೋನ್ ಕೋಣೆಯ ಒಲೆಗೆ ಕೈ ಒಡ್ಡಿ ನಿಂತಿದ್ದೆವು. ಕರೆ ಬಂತು. ಸ್ಪೀಕರಿನಲ್ಲಿ ಗಂಡಸಿನ ಅಳು, ಕರಕರ ಸದ್ದು, "ಅಕ್-ಬುಲ..." ಎಂದು ಮುರಿದ ಮಾತು. ನಾವೆಲ್ಲ ಬುರುಲ್ಚಾಳ ಮುಖ ನೋಡಿದೆವು. ಅವಳ ಮುಖ ಸುಣ್ಣದಂತೆ ಬಿಳಿಚಿತ್ತು. ಎಡಗೈಯನ್ನು ಮೇಜಿಗೆ ಒತ್ತಿ ಹಿಡಿದು, ಒಂದು ಉಸಿರು ಎಳೆದು ಬಿಟ್ಟಳು. ಆ ಒಂದು ಉಸಿರು ನನಗೆ ಒಂದು ಗಂಟೆಯಷ್ಟು ಉದ್ದವೆನಿಸಿತು.

"ಅಣ್ಣಾ, ಹೆಸರು ಬಿಡಿ. ಬಾಗಿಲು ತೆಗೆದ್ರೆ ಏನು ಕಾಣುತ್ತೆ? ಸೇತುವೆಯಾ, ನೀರಿನ ಟ್ಯಾಂಕಾ?"

"ಸೇತುವೆ... ಸೇತುವೆ ಕಾಣುತ್ತೆ."

"ಬುಲುಂಗ್" ಎಂದು ಅವಳು ನನ್ನತ್ತ ಕೈ ಬೀಸಿದಳು. ನಾನು ಓಡಿದೆ.

ಮುಂದಿನದನ್ನು ಗಾಡಿಯ ವೈರ್‌ಲೆಸ್ಸಿನಲ್ಲಿ ಕೇಳಿದೆ. ಕಲ್ಲಿದ್ದಲ ಒಲೆಯ ವಿಷಗಾಳಿ; ಒಳಗೆ ಅವನ ತಾಯಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. "ಬಾಗಿಲು, ಕಿಟಕಿ ಎಲ್ಲಾ ತೆರೀರಿ. ಉಸಿರು ಬಿಗಿಹಿಡಿದು ಒಳಗೆ ಹೋಗಿ. ಹತ್ತಿರ ಇರೋರನ್ನ ಮೊದಲು ಎಳ್ಕೊಂಡು ಬನ್ನಿ. ನಾನು ಇಲ್ಲೇ ಇದ್ದೀನಿ, ಫೋನ್ ಇಡಲ್ಲ." ದಾರಿ ಕಾಣದ ಹಿಮದಲ್ಲಿ ಆ ಧ್ವನಿಯೊಂದೇ ನನಗೂ ಧೈರ್ಯ ಕೊಟ್ಟಿತು.

ನಾವು ತಲುಪಿದಾಗ ಅಂಗಳದಲ್ಲಿ ಕಂಬಳಿಯ ಮೇಲೆ ಮಕ್ಕಳಿಬ್ಬರೂ ವಾಂತಿ ಮಾಡಿಕೊಳ್ಳುತ್ತಿದ್ದರು, ಬದುಕಿದ್ದರು. ಹೆಂಡತಿಗೆ ಮೂರನೇ ದಿನ ಪ್ರಜ್ಞೆ ಬಂತು. ಒಲೆಯ ಪಕ್ಕ ಮಲಗಿದ್ದ ತಾಯಿ ಮಾತ್ರ, ಕರೆ ಬರುವ ಮುಂಚೆಯೇ ಹೋಗಿದ್ದರು.

ನಾನು ಹಿಂದಿರುಗಿದಾಗ ಬುರುಲ್ಚಾ ಕೇಳಿದ್ದು ಒಂದೇ ಮಾತು: "ಮುದುಕಿ?" ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಪಾಳಿ ಮುಗಿಸಿ, ಗಾಡಿಯೊಳಗೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಎಣಿಕೆ, ಉಸಿರು ಯಾವುದೂ ಇರಲಿಲ್ಲ, ಬರೀ ಅಳು. ಮರುದಿನ ಬೆಳಿಗ್ಗೆ ಅದೇ ಹೊತ್ತಿಗೆ ಬಂದಳು.

ಈಗ ಮೂರು ವರ್ಷವಾಯಿತು. ಸುರಾಕಾನ್ ಈಗಲೂ ಇದನ್ನು ಒಪ್ಪಿಲ್ಲ, ಆದರೆ ಬೆಳಗಿನ ಹಾಲು ತಾವೇ ಕರೆಯುತ್ತಾರೆ. ಬುರುಲ್ಚಾಳ ಮಾತ್ರೆ ಅರ್ಧಕ್ಕೆ ಇಳಿದಿದೆ. ಕೆಲವು ದಿನ ಎರಡೇ ನಿಮಿಷಕ್ಕೆ ಗಾಡಿಯ ಬಾಗಿಲು ತೆರೆದು ಇಳಿಯುತ್ತಾಳೆ.

"ಇವತ್ತು ಆಗ್ಲಿಲ್ಲ ಬಾಯ್ಕೆ" ಎಂದು, ಶಾಲು ಬಿಗಿದುಕೊಂಡು ಕೆಲಸಕ್ಕೆ ಹೋಗುತ್ತಾಳೆ.