ಜಪ್ತಿಗೆ ಸಿಗದ ಹೊಲಿಗೆ ಮೆಷಿನ್

ನಮ್ಮ ಕುಟುಂಬದಲ್ಲಿ ಕಾಲೇಜಿಗೆ ಹೋದವಳು ನಾನೇ ಮೊದಲು. ಅಮ್ಮ ಬೀಡಿ ಕಟ್ಟಿ ನನ್ನನ್ನು ಕಾನೂನು ಓದಿಸಿದಳು. ಇದನ್ನು ನಾನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಕತಾರಿನಲ್ಲಿ ನನಗೆ ಸಿಕ್ಕಿದ್ದು ಲುಸೈಲ್‌ನ ವಕೀಲರ ಕಚೇರಿಯೊಂದರಲ್ಲಿ ಫೈಲು ನೋಡಿಕೊಳ್ಳುವ ಕೆಲಸ. ವಾದ ಮಾಡುವವರು ಬೇರೆ.

ಇಲ್ಲಿನ ಅಲ್ ಥುಮಾಮಾ ಬಡಾವಣೆಯಲ್ಲಿ ನಮ್ಮ ಕರಾವಳಿಯವರೇ ಆದ ಟೈಲರ್ ಒಬ್ಬರಿದ್ದಾರೆ. ನನಗೆ ಅವರು ಅಣ್ಣ, ಅವರ ಹೆಂಡತಿ ಅತ್ತಿಗೆ. ಗೆಳೆಯನೊಬ್ಬನ ಸಾಲಕ್ಕೆ ಅಣ್ಣ ಜಾಮೀನು ನಿಂತಿದ್ದರು. ಗೆಳೆಯ ಊರಿಗೆ ಹೋದವನು ತಿರುಗಿ ಬರಲಿಲ್ಲ, ಕೋರ್ಟಿನ ತೀರ್ಪು ಅಣ್ಣನ ತಲೆಯ ಮೇಲೆ ಬಂತು. ಕೊನೆಗೆ ಅಂಗಡಿಯ ಸಾಮಾನು ಜಪ್ತಿ ಮಾಡಲು ಅಧಿಕಾರಿ ಬರುವ ದಿನವೂ ಗೊತ್ತಾಯಿತು. ಷೋಕೇಸು, ಸೋಫಾ ಹೋದರೆ ಹೋಗಲಿ. ಹೊಲಿಗೆ ಮೆಷಿನ್ ಹೋದರೆ ಅಣ್ಣ ಅಂಗಡಿಗೆ ಬೀಗ ಹಾಕಿ ಊರಿನ ವಿಮಾನ ಹತ್ತಬೇಕಿತ್ತು.

ನನಗೆ ಮಾತ್ರ ಒಂದು ಧೈರ್ಯ. ಸಾಲಗಾರನ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬಿನವನ ಉಪಕರಣ ಇವನ್ನು ಜಪ್ತಿ ಮಾಡುವಂತಿಲ್ಲ ಎಂದು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದು ನಮ್ಮ ದೇಶದ ಕಾನೂನು. ಇಲ್ಲಿ ಹೇಗೋ ಎಂದು ಕಚೇರಿಯ ಸುಡಾನಿ ವಕೀಲರನ್ನು ಕೇಳಿದೆ. ದುಡಿಮೆಗೆ ಬೇಕೇಬೇಕಾದ ಉಪಕರಣವನ್ನು ಇಲ್ಲಿಯೂ ಬಿಡುತ್ತಾರೆ ಎಂದ ಅವರು, ಅರಬ್ಬಿಯಲ್ಲಿ ಒಂದು ಅರ್ಜಿಯನ್ನೂ ಬರೆದುಕೊಟ್ಟರು.

ಜಪ್ತಿಯ ದಿನ ಅಧಿಕಾರಿ ಬರುವುದು ಹತ್ತಕ್ಕೆ. ಬೆಳಿಗ್ಗೆ ಎಂಟಕ್ಕೆ ಅರ್ಜಿ ಹಿಡಿದು ಅಂಗಡಿಗೆ ಹೋದರೆ, ಮೆಷಿನ್ ಇದ್ದ ಜಾಗ ಖಾಲಿ.

"ಮೆಷಿನ್ ಎಲ್ಲಿ ಅಣ್ಣ?"

"ಮೆಲ್ಲ ಮಾತಾಡು ಮಾರಾಯ್ತಿ. ಸೇಫ್ ಉಂಟು. ಅಬು ಹಮೂರಲ್ಲಿ ನಮ್ಮೂರಿನವನೊಬ್ಬನ ರೂಮಲ್ಲಿಟ್ಟು ಬಂದೆ. ಮೇಲೆ ಕಂಬಳಿ ಸಹ ಹೊದೆಸಿದ್ದೇನೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮೂರಲ್ಲಿ ಜಪ್ತಿಗೆ ಕೋರ್ಟಿನ ಅಮೀನ ಬರುತ್ತಾನೆಂದರೆ ಎಲ್ಲರೂ ಮಾಡುತ್ತಿದ್ದದ್ದು ಇದನ್ನೇ. ನೆರೆಮನೆಯವರ ಅನ್ನ ಬೇಯಿಸುವ ಚೆರಿಗೆ, ಚಾಪೆ, ದಿಂಬು ಎಲ್ಲ ಒಂದು ತಿಂಗಳು ನಮ್ಮ ಮಂಚದ ಕೆಳಗಿದ್ದವು. ಕಾನೂನಿನ ಪ್ರಕಾರ ಅವನ್ನು ಅಮೀನನೂ ಮುಟ್ಟುವಂತಿರಲಿಲ್ಲ ಎಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ.

"ದುಡಿಯುವ ಮೆಷಿನ್ ಅಂತ ಕಾನೂನೇ ಅದನ್ನು ಬಿಡ್ತದೆ ಅಣ್ಣ. ಅಡಗಿಸಿಟ್ರೆ ನಿಮ್ಮನ್ನು ನಂಬುದು ಯಾರು? ಈಗಲೇ ತರಿಸಿ."

"ನಾನು ಹೇಳಿದ್ದೆ ಬೇಡ ಅಂತ," ಎಂದರು ಅತ್ತಿಗೆ. "ಕೇಳ್ಬೇಕಲ್ಲ! ಹೊತ್ಕೊಂಡು ಹೋಗುವಾಗ ಇವರ ಗಡಿಬಿಡಿ ನೋಡ್ಬೇಕಿತ್ತು, ಯಾರದೋ ಮನೆಯ ಹುಡುಗಿಯನ್ನು ಓಡಿಸಿಕೊಂಡು ಹೋಗುವ ಹಾಗೆ."

"ನಿನ್ನನ್ನು ಹಾಗೆ ಓಡಿಸಿಕೊಂಡು ಹೋಗಿದ್ರೆ ನಿನ್ನ ಅಪ್ಪ ಖುಷಿಯಲ್ಲಿ ಗಾಡಿಯ ಬಾಡಿಗೆ ಕೊಡ್ತಿದ್ದರು," ಎನ್ನುತ್ತ ಅಣ್ಣ ಪಿಕಪ್ಪಿಗೆ ಫೋನ್ ಮಾಡಿದರು.

ಹತ್ತಕ್ಕೆ ಹತ್ತು ನಿಮಿಷ ಇರುವಾಗ ಮೆಷಿನ್ ಬಂತು, ಕಂಬಳಿಯ ಸಮೇತ. ಅಣ್ಣ ಅದನ್ನು ಜಾಗಕ್ಕೆ ಕೂರಿಸಿದರು; ಅತ್ತಿಗೆ ಸೂಜಿಗೆ ನೂಲು ಏರಿಸಿಕೊಟ್ಟರು. ಅಷ್ಟರಲ್ಲಿ ಅಧಿಕಾರಿ ಒಳಗೆ ಬಂದರು. ಅರ್ಜಿಯನ್ನು ನಿಧಾನವಾಗಿ ಓದಿ, ಮೆಷಿನಿನ ಕಡೆ ಕೈ ತೋರಿಸಿದರು.

"ಯಲ್ಲಾ" ಎಂದರು. ಹೂಂ, ಹೊಲಿ ನೋಡುವ ಎಂಬರ್ಥದ ಅರಬ್ಬಿ ಮಾತು.

ಅಣ್ಣ ಪೆಡಲ್ ಒತ್ತಿದರು. ಸದ್ದೇ ಇಲ್ಲ. ಇನ್ನೊಮ್ಮೆ ಒತ್ತಿದರು. ಅಧಿಕಾರಿಯ ಹುಬ್ಬು ಮೇಲೇರಿತು. ಮೆಷಿನ್ ಓಡಿಸಲು ನನ್ನ ಪದವಿ, ಕಾನೂನು, ಬಾಯಿಪಾಠ ಯಾವುದೂ ಉಪಯೋಗಕ್ಕಿರಲಿಲ್ಲ.

"ಪ್ಲಗ್ ಹಾಕಿ ಮಾರಾಯ್ರೇ!" ಅತ್ತಿಗೆ ಕೂಗಿದರು.

ಪ್ಲಗ್ ಹಾಕಿದ್ದೇ ತಡ, ಮೆಷಿನ್ ಗರ್ರ್ ಎಂದು ಹೊರಟಿತು. ಶಾಲೆಯ ಯೂನಿಫಾರ್ಮಿನ ತೋಳು ಒಂದೇ ಉಸಿರಿಗೆ ಹೊಲಿದು ಮುಗಿಯಿತು. ಅಧಿಕಾರಿ ಹೊಲಿಗೆಯನ್ನು ಎಳೆದು ನೋಡಿದರು, ನಕ್ಕರು. ಮೆಷಿನ್, ಕತ್ತರಿ, ಇಸ್ತ್ರಿಪೆಟ್ಟಿಗೆ ಇವನ್ನು ಬಿಟ್ಟು ಷೋಕೇಸು, ಸೋಫಾ, ಟಿವಿ, ಬಟ್ಟೆ ತೊಡಿಸುವ ಎರಡು ಬೊಂಬೆಗಳನ್ನು ಪಟ್ಟಿಯಲ್ಲಿ ಬರೆದುಕೊಂಡರು. "ಖಲಾಸ್" ಎಂದು ಹೊರಟರು.

"ಟಿವಿ ಹೋದದ್ದು ಒಳ್ಳೇದೇ ಆಯ್ತು," ಎಂದರು ಅತ್ತಿಗೆ ಕಣ್ಣೊರೆಸಿಕೊಳ್ಳುತ್ತ. "ಕ್ರಿಕೆಟ್ ನೋಡಿ ನೋಡಿ ಒಬ್ಬರ ಪ್ಯಾಂಟಿಗೆ ಒಂದು ಕಾಲು ಗಿಡ್ಡ ಮಾಡಿದ್ದಾರೆ ಇವರು."

ಸಾಲ ತೀರಿರಲಿಲ್ಲ. ಇನ್ನು ಹೊಲಿದು ಹೊಲಿದೇ ಅದನ್ನು ತೀರಿಸಬೇಕು. ಆದರೆ ಹೊಲಿಯಲು ಮೆಷಿನ್ ಇತ್ತು. ನನಗೋ ಕುಣಿಯಬೇಕು ಅನ್ನಿಸುವಷ್ಟು ಖುಷಿ. ಅಲ್ಲೇ ಕೂತು ಅಮ್ಮನಿಗೆ ಫೋನ್ ಹಚ್ಚಿ, ನಾನು ಓದಿದ ಪಾಠ ಹೇಗೆ ಕೆಲಸಕ್ಕೆ ಬಂತು ಎಂದು ಹೇಳತೊಡಗಿದೆ.

ಅಣ್ಣ ತಲೆ ಎತ್ತಲಿಲ್ಲ. ಯೂನಿಫಾರ್ಮಿನ ರಾಶಿಯನ್ನು ನನ್ನ ಮಡಿಲಿಗೆ ತಳ್ಳಿದರು.

"ವಕೀಲಮ್ಮ, ಮಾತಾಡ್ತಾ ಮಾತಾಡ್ತಾ ಬಟನ್ ಹಾಕು. ಸಂಜೆಗೆ ಕೊಡ್ಲಿಕ್ಕೆ ಉಂಟು."

ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿ ಸೂಜಿ ತೆಗೆದುಕೊಂಡೆ.