ಅಪ್ಪ ಎಲೆಯಲ್ಲಿ ಬಿಟ್ಟ ಒಬ್ಬಟ್ಟು

ಯಂತ್ರದಲ್ಲಿ ಗದ್ದ ಊರುವ ಜಾಗವನ್ನು ನರ್ಸ್ ಹುಡುಗಿ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದಳು. ಹೊಸಕೋಟೆಯ ಕಣ್ಣಾಸ್ಪತ್ರೆಯಲ್ಲಿ ಕಣ್ಣಿನ ನರದ ಚಿತ್ರ ತೆಗೆಯುವ ಯಂತ್ರದ ಮುಂದೆ ಕೂತಿದ್ದೆ. ತರಗತಿಯಲ್ಲಿ ಮಕ್ಕಳನ್ನು ಗದರಿಸಿ ಕೂರಿಸುವ ಟೀಚರು ನಾನು. ಇಲ್ಲಿ "ರೆಪ್ಪೆ ಹೊಡೀಬೇಡಿ ಮೇಡಂ" ಎಂದು ಮತ್ತೆ ಮತ್ತೆ ಬೈಸಿಕೊಳ್ಳುತ್ತಿದ್ದೆ.

ಹೊರಗೆ ಬೆಂಚಿನ ಮೇಲೆ ಅಪ್ಪ. ಗ್ಲಾಕೋಮಾ ಅವನ ಎರಡೂ ಕಣ್ಣನ್ನು ತಿಂದಿತ್ತು. ಬೇಡವೆಂದರೂ ಜೊತೆಗೆ ಬಂದಿದ್ದ.

ನಿಮಗೆ ಗೊತ್ತಲ್ಲ, ನಮ್ಮ ಕಡೆ ನೆಂಟರ ಮನೆಯಲ್ಲಿ ಒಬ್ಬಟ್ಟು ಬಿಟ್ಟು ಎದ್ದರೆ ಬಡಿಸಿದವರ ಮುಖಕ್ಕೆ ಹೊಡೆದ ಹಾಗೆ. ಕೆಲವು ವರ್ಷಗಳ ಹಿಂದೆ, ಜಡಿಗೇನಹಳ್ಳಿಯಲ್ಲಿ ಅತ್ತಿಗೆಯ ತವರಿನಲ್ಲಿ ಅಪ್ಪ ಹಾಗೇ ಮಾಡಿದ. ಎಲೆಯ ಅಂಚಿನಲ್ಲಿದ್ದ ಒಬ್ಬಟ್ಟನ್ನು ಮುಟ್ಟದೆ ಎಲೆ ಮಡಿಸಿದ.

"ನಮ್ಮನೆ ಒಬ್ಬಟ್ಟು ಯಜಮಾನ್ರಿಗೆ ಸೇರಲಿಲ್ವೇನೋ" ಎಂದರು ಬೀಗರು.

"ಯಾವ ಒಬ್ಬಟ್ಟು? ಬಡಿಸೇ ಇಲ್ವಲ್ಲ!" ಎಂದ ಅಪ್ಪ.

ಮಾತಿಗೆ ಮಾತು ಬೆಳೆಯಿತು. ಅದಕ್ಕೂ ಮುಂಚಿನಿಂದಲೇ ಬೀದಿಯಲ್ಲಿ ಪಕ್ಕಕ್ಕೆ ಬಂದವರನ್ನು ಅಪ್ಪ ಮಾತಾಡಿಸುತ್ತಿರಲಿಲ್ಲ. ಜಮೀನಿನ ರೇಟು ಏರಿದ್ದೇ ಕೊಬ್ಬು ಬಂತು ಎಂದಿತು ಊರು. ನಾವೂ ನಂಬಿದೆವು. ಪೇಪರಿನ ಸಣ್ಣಕ್ಷರ ಓದುವವನಿಗೆ ಕಣ್ಣು ಹೋಗುತ್ತಿದೆ ಎಂದು ಯಾರಿಗೆ ಹೊಳೆಯುತ್ತದೆ ಹೇಳಿ? ನಡುವೆ ಚೆನ್ನಾಗಿದ್ದ ನೋಟ ಅಂಚಿನಿಂದ ಒಳಕ್ಕೆ ಸವೆಯುತ್ತಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನರ ಒಣಗಿತ್ತು. ಹೋದದ್ದು ಬರುವುದಿಲ್ಲ, ಇದು ವಂಶದಲ್ಲಿ ಬರುವ ಕಾಯಿಲೆ, ಮಕ್ಕಳನ್ನಾದರೂ ಬೇಗ ತೋರಿಸಿ ಎಂದರು ಡಾಕ್ಟರು.

ಈಗ ಡಾಕ್ಟರು ಪರದೆಯ ಮೇಲೆ ನನ್ನ ಚಿತ್ರ ತೋರಿಸಿದರು. ಎಡಗಣ್ಣಿನ ಹಸಿರು ಪಟ್ಟಿಯ ನಡುವೆ ಒಂದು ಚೂರು ಕೆಂಪು.

"ಇಲ್ಲಿ ನರದ ಪದರ ತೆಳ್ಳಗಾಗ್ತಿದೆ. ನೋಟ ಇನ್ನೂ ಪೂರ್ತಿ ಇದೆ. ದಿನಾ ಡ್ರಾಪ್ಸ್ ಹಾಕ್ಕೊಂಡು, ತಪ್ಪದೆ ತೋರಿಸ್ತಿದ್ರೆ ಉಳಿಸ್ಕೋಬಹುದು."

ಕೊನೆಯ ಮಾತೊಂದನ್ನೇ ಹಿಡಿದುಕೊಂಡು ಹೊರಗೆ ಬಂದೆ. ಅಪ್ಪನಿಗೆ ನನ್ನ ಹೆಜ್ಜೆ ಗೊತ್ತಾಯಿತು. ಸುಳ್ಳು ಹೇಳಲೆಂದೇ ಬಾಯಿ ತೆರೆದೆ.

"ನಂದೇ ಬಂದೈತಾ ನಿಂಗೆ?" ಎಂದ.

"ಹೂಂ ಕಣಪ್ಪ, ನಿಂದೇ. ಆದ್ರೆ ಕಣ್ಣು ಹೋಗೋಕ್ಮುಂಚೆನೇ ಸಿಕ್ಕಿಬಿತ್ತು."

ಅವನು ಕೈ ಚಾಚಿ ನನ್ನ ಮುಖ ತಡವಿದ. ಎರಡೂ ರೆಪ್ಪೆಗಳ ಮೇಲೆ ಹೆಬ್ಬೆರಳಿಟ್ಟ. ತನ್ನ ಕಣ್ಣು ಹೋದಾಗ ಒಂದು ಹನಿ ಕಣ್ಣೀರು ಹಾಕದವನು, ಅಷ್ಟು ಜನರೆದುರು "ಸದ್ಯ ಕಣವ್ವ, ಸದ್ಯ" ಎನ್ನುತ್ತಾ ಬಿಕ್ಕಿ ಬಿಕ್ಕಿ ಅತ್ತ.